ಆಟಿಸಂ: ಮಗುವಿನೊಂದಿಗೆ ತಾಯಿಗೂ ಬೇಕು ಆಸರೆ

ಕೊಪ್ಪ: ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡುವುದಿಲ್ಲ. ಮಾತು ಬರುವ ವಯಸ್ಸು ದಾಟಿದರೂ ಮಾತಿಲ್ಲ. ಇದು ಆಟಿಸಂ, ಅಂದರೆ ಸ್ವಲೀನತೆ ಎಂದು ವೈದ್ಯರು ತಿಳಿಸಿದ ದಿನದಿಂದ ಮನೆಯವರ ಗಮನವೆಲ್ಲ ಮಗುವಿನತ್ತ ಹರಿಯುತ್ತದೆ. ತಾಯಿಯ ಮನಃಸ್ಥಿತಿಯನ್ನು ವಿಚಾರಿಸುವವರು ವಿರಳ.

ಆಟಿಸಂ ಇರುವ ಅನೇಕ ಮಕ್ಕಳಿಗೆ ನಿದ್ರೆ ಕಡಿಮೆ. ಕೆಲವರು ಏಕಾಏಕಿ ಕಿರುಚುತ್ತಾರೆ, ಮನೆಯಿಂದ ಹೊರಗೆ ಓಡುತ್ತಾರೆ. ಹೀಗಾಗಿ ತಾಯಿ ಹಗಲಿರುಳು ಎಚ್ಚರದಲ್ಲಿರಬೇಕು. ಇದು ವರ್ಷಗಟ್ಟಲೆ ಮುಂದುವರಿದಾಗ ಆತಂಕ, ಖಿನ್ನತೆ ಕಾಡುವುದು ಸಹಜ. ಇತರ ಬೆಳವಣಿಗೆ ಸಮಸ್ಯೆಗಳಿರುವ ಮಕ್ಕಳ ತಾಯಂದಿರಿಗಿಂತ ಇವರಲ್ಲಿ ಒತ್ತಡ ಅಧಿಕವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಮಲೆನಾಡಿನ ಪಾಡು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದಲ್ಲಿ ಅಡಿಕೆ, ಕಾಫಿ ತೋಟಗಳ ನಡುವೆ ಒಂಟಿ ಮನೆಗಳೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 300 ಕಿ.ಮೀ.ಗೂ ದೂರ. ಪದೇ ಪದೇ ಹೋಗಿಬರಲಾಗದವರು ತರಬೇತಿಯನ್ನು ಮನೆಯಲ್ಲೇ ಮುಂದುವರಿಸಬೇಕಾಗುತ್ತದೆ. ಆ ಹೊಣೆ ಬಹುಪಾಲು ಮತ್ತೆ ತಾಯಿಯ ಹೆಗಲಿಗೇ ಬೀಳುತ್ತದೆ.

ತಪ್ಪು ತಾಯಿಯದಲ್ಲ

'ಮಗುವನ್ನು ಸರಿಯಾಗಿ ಮಾತನಾಡಿಸಲಿಲ್ಲ' ಎಂಬ ಬಂಧುಗಳ ನಿಂದೆ ಈ ಭಾರವನ್ನು ಇಮ್ಮಡಿಗೊಳಿಸುತ್ತದೆ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಅನ್ನು ವಿವರಿಸಿದ ನಂತರದ ದಶಕಗಳಲ್ಲಿ, ತಾಯಿಯ ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಪ್ರಚಲಿತವಾಗಿತ್ತು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಖಂಡಿಸಿದರು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅನುವಂಶೀಯತೆಯ ಪಾತ್ರ ದೊಡ್ಡದು ಎಂಬುದು ಇಂದು ಸ್ಥಾಪಿತ ಸಂಗತಿ.

ನೆರವು ಎಲ್ಲಿ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಸೇರಿದೆ. ಹೀಗಾಗಿ ಮಗುವಿಗೆ ಯುಡಿಐಡಿ ಕಾರ್ಡ್ ಪಡೆಯಬಹುದು. ಅರ್ಜಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಸಹಾಯ ಕೇಳಬಹುದು. ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆ 1 ಲಕ್ಷ ರೂ.ವರೆಗೆ ಆರೋಗ್ಯ ವಿಮೆ ಒದಗಿಸುತ್ತದೆ. ಮಾತು ಮತ್ತು ಸಂವಹನದ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ತಾಯಿ ತನಗಾಗಿಯೂ ನೆರವು ಕೇಳಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ, ನಿರಾಸಕ್ತಿ ಕಾಡಿದರೆ ವೈದ್ಯರನ್ನು ಕಾಣಬೇಕು. ಸಾವಿನ ಯೋಚನೆ ಸುಳಿದರೆ ತಡ ಮಾಡಲೇಬಾರದು.

ಮನೆಯವರ ಪಾತ್ರವೂ ಹಿರಿದು. ತಂದೆಯೋ ಅಜ್ಜಿಯೋ ದಿನಕ್ಕೆ ಒಂದು ಗಂಟೆ ಮಗುವನ್ನು ನೋಡಿಕೊಂಡರೂ ತಾಯಿಗೆ ಬಿಡುವು ದೊರೆಯುತ್ತದೆ. ಮನೆಯ ತರಬೇತಿ ನಡೆಯುವುದು ಆಕೆಯಿಂದಲೇ ಆದ್ದರಿಂದ, ಆಕೆಯ ಆರೋಗ್ಯ ಕಾಪಾಡುವುದು ಮಗುವಿನ ಚಿಕಿತ್ಸೆಯ ಭಾಗವೇ ಆಗಿದೆ.