ಹಳೇ ಡೆಸ್ಕ್‌ಟಾಪ್‌ಗೆ ಹೊಸ ರ‍್ಯಾಮ್: ಎಸ್‌ಪಿ ರೋಡಿಗೆ ಹೋಗೋ ಮುಂಚೆ

ನಮ್ಮಲ್ಲಿ ಸುಮಾರು ಜನರ ಮನೇಲಿ ಹತ್ತು ಹನ್ನೆರಡು ವರ್ಷ ಹಳೇ ಡೆಸ್ಕ್‌ಟಾಪ್ ಒಂದು ಇದ್ದೇ ಇರುತ್ತೆ. ಬ್ರೌಸರಲ್ಲಿ ನಾಲ್ಕು ಟ್ಯಾಬ್ ತೆಗೆದರೆ ಸಾಕು, ಮುಷ್ಕರ ಹೂಡುತ್ತೆ. ಹೊಸ ಲ್ಯಾಪ್‌ಟಾಪ್ ಕೇಳೋಣ ಅಂದ್ರೆ ಮನೇಲಿ ಈ ವರ್ಷದ ಫೀಸಿನ ಲೆಕ್ಕವೇ ಇನ್ನೂ ಮುಗಿದಿರಲ್ಲ. ಅಂಥವರಿಗೆ ಅಪ್‌ಗ್ರೇಡ್ ಒಳ್ಳೇ ದಾರಿ. ಆದರೆ ಸೆಕೆಂಡ್ ಹ್ಯಾಂಡ್ ಪಾರ್ಟ್ ಹೊಂದಲಿಲ್ಲ ಅಂದ್ರೆ ದುಡ್ಡು ವಾಪಸ್ ಬರೋದು ಕಷ್ಟ. ಹಾಗಾಗಿ ಕೊಳ್ಳೋ ಮೊದಲೇ ನೋಡ್ಕೊಳ್ಳೋಣ.

ಕೊರತೆ ಯಾವುದರದ್ದು?
ನಿಧಾನ ಆದಾಗ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಮೆಮೊರಿ ತುಂಬಿದ್ದರೆ ರ‍್ಯಾಮ್ ಬೇಕು. ಸಿಪಿಯು ನೂರಕ್ಕೆ ನೂರು ಓಡ್ತಿದ್ದರೆ ಪ್ರೊಸೆಸರ್. ಡಿಸ್ಕ್ ಮಾತ್ರ ನೂರು ತೋರಿಸಿದರೆ ಮೊದಲು ಒಂದು ಎಸ್‌ಎಸ್‌ಡಿ ಹಾಕಿ.

ಬೋರ್ಡಿನ ಹೆಸರು
ಎಲ್ಲಾ ನಿರ್ಧಾರ ಆಗೋದು ಮದರ್‌ಬೋರ್ಡ್ ಮೇಲೆ. ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ 'ಮೇನ್‌ಬೋರ್ಡ್' ಟ್ಯಾಬ್ ತೆಗೆದರೆ ಬೋರ್ಡಿನ ಮಾಡೆಲ್, ಚಿಪ್‌ಸೆಟ್, ಬಯೋಸ್ ಆವೃತ್ತಿ ಮೂರೂ ಸಿಗುತ್ತೆ. ಆ ಮಾಡೆಲ್ ಯಾವ ಪ್ರೊಸೆಸರ್, ಯಾವ ರ‍್ಯಾಮ್ ಒಪ್ಪುತ್ತೆ ಅನ್ನೋ ಪಟ್ಟಿಯನ್ನ ತಯಾರಕರೇ ಕೊಟ್ಟಿರ್ತಾರೆ. ನಾವಿಲ್ಲಿ ಇಂಟೆಲ್‌ನ ಎಚ್61 ಚಿಪ್‌ಸೆಟ್ ಬೋರ್ಡ್ ಮತ್ತು ಕೋರ್ ಐ3-2100 ಪ್ರೊಸೆಸರ್ ಇರೋ ಪಿಸಿಯನ್ನ ಉದಾಹರಣೆ ತಗೊಳ್ಳೋಣ.

ರ‍್ಯಾಮ್
ಇದಕ್ಕೆ ಬೇಕಾಗಿರೋದು ಡಿಡಿಆರ್3. ಡಿಡಿಆರ್4 ಸ್ಟಿಕ್ಕಿನಲ್ಲಿ 288 ಪಿನ್ ಇದೆ, ಡಿಡಿಆರ್3ರಲ್ಲಿ 240. ಡಿಡಿಆರ್2ಗೂ 240 ಪಿನ್ನೇ, ಆದರೆ ನಡುವಿನ ಕಚ್ಚಿನ ಜಾಗ ಬೇರೆ. ಕೂರದಿದ್ದರೆ ಒತ್ತಬೇಡಿ, ಸ್ಲಾಟ್ ಮುರಿಯುತ್ತೆ.

ಎಚ್61ನಲ್ಲಿ ಇರೋದು ಎರಡೇ ಸ್ಲಾಟ್, ಮಿತಿ ಒಟ್ಟು 16 ಜಿಬಿ. ಒಂದೇ 8 ಜಿಬಿ ಸ್ಟಿಕ್ಕಿಗಿಂತ 4 ಜಿಬಿಯ ಎರಡು ಹಾಕಿದರೆ ಡ್ಯುಯಲ್ ಚಾನೆಲ್ ಲಾಭ ಸಿಗುತ್ತೆ. ಐ3-2100 ಒಪ್ಪೋ ವೇಗ 1333. 1600ರ ಸ್ಟಿಕ್ ಹಾಕಿದರೂ ಅದು 1333ರಲ್ಲೇ ಓಡುತ್ತೆ, ಹೆಚ್ಚು ದುಡ್ಡು ಕೊಡಬೇಡಿ. ಸರ್ವರ್‌ನಿಂದ ತೆಗೆದ 'ರಿಜಿಸ್ಟರ್ಡ್' ರ‍್ಯಾಮ್ ಅಗ್ಗಕ್ಕೆ ಸಿಗುತ್ತೆ, ಆದರೆ ಈ ಬೋರ್ಡಲ್ಲಿ ಓಡಲ್ಲ. 'ಎಎಂಡಿಗೆ ಮಾತ್ರ' ಅಂತ ಮಾರೋದನ್ನೂ ಬಿಟ್ಟುಬಿಡಿ. ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿ ಮೇಲೆ ಹಾಕಿದ್ದು ದಂಡ, ಮೊದಲು 64 ಬಿಟ್ ಹಾಕ್ಕೊಳ್ಳಿ.

ಪ್ರೊಸೆಸರ್
ಎಚ್61 ಬೋರ್ಡಿನ ಸಾಕೆಟ್ ಎಲ್‌ಜಿಎ 1155. ಇಂಟೆಲ್‌ನ 2 ಮತ್ತು 3ನೇ ತಲೆಮಾರಿನ ಕೋರ್ ಪ್ರೊಸೆಸರ್ ಇದಕ್ಕೆ ಕೂರುತ್ತೆ. 4ನೇ ತಲೆಮಾರಿನದು ಎಲ್‌ಜಿಎ 1150, ಕೂರಲ್ಲ.

ಸಾಕೆಟ್ ಹೊಂದಿದರೆ ಮುಗೀತು ಅಂದ್ಕೊಳ್ಳಬೇಡಿ. ಹಳೇ ಬಯೋಸ್‌ಗೆ 3ನೇ ತಲೆಮಾರು ಅಂದ್ರೇನೇ ಗೊತ್ತಿರಲ್ಲ. ಐ5-3470 ಹಾಕೋದಾದರೆ ಹಳೇ ಐ3 ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಅದೂ ಯುಪಿಎಸ್ ಇದ್ದಾಗ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಆಮೇಲೆ ಬಿಸಿ. ಐ3-2100 ರೇಟಿಂಗ್ 65 ವ್ಯಾಟ್, ಐ5-3470ದು 77, ಐ7-2600ದು 95. ಕೂಲರ್ ಅದನ್ನ ತಡೆಯುತ್ತಾ ನೋಡಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ.

ಎಷ್ಟು ಖರ್ಚು ಮಾಡೋದು?
ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಈ ಪ್ರೊಸೆಸರ್‌ಗಳನ್ನ ಅಧಿಕೃತವಾಗಿ ಒಪ್ಪಲ್ಲ. ಅಂದ್ರೆ ಎಷ್ಟೇ ಪಾರ್ಟ್ ಬದಲಿಸಿದರೂ ಕೊನೆಗೆ ಲಿನಕ್ಸ್ ಹಾಕೋದೇ ಸರಿ. ಸಿ, ಪೈಥಾನ್ ಲ್ಯಾಬ್‌ಗೆ ಅದು ಧಾರಾಳ ಸಾಕು. ನಮ್ಮ ಸಲಹೆ: 8 ಜಿಬಿ ರ‍್ಯಾಮ್, ಒಂದು ಸಾಟಾ ಎಸ್‌ಎಸ್‌ಡಿ, ಅಷ್ಟೇ. ಎಚ್61ನಲ್ಲಿ ಎಸ್‌ಎಸ್‌ಡಿ ಪೂರ್ತಿ ವೇಗ ಮುಟ್ಟದಿದ್ದರೂ ಹಾರ್ಡ್‌ಡಿಸ್ಕಿಗಿಂತ ಎಷ್ಟೋ ಮೇಲು. ಅದಾದ ಮೇಲೂ ಸಾಲದಿದ್ದರೆ ಮಾತ್ರ ಪ್ರೊಸೆಸರ್ ಯೋಚನೆ ಮಾಡಿ.

ಅಂಗಡಿಗೆ ಹೋಗೋವಾಗ ಸಿಪಿಯು-ಝಡ್ ಸ್ಕ್ರೀನ್‌ಶಾಟ್ ಫೋನಲ್ಲಿರಲಿ, ಹಳೇ ರ‍್ಯಾಮ್ ಸ್ಟಿಕ್ ಜೇಬಲ್ಲಿರಲಿ. 'ಎಲ್ಲಾದಕ್ಕೂ ಆಗುತ್ತೆ, ತಗೊಂಡ್ಹೋಗಿ' ಅಂದ್ರೆ, ಅಲ್ಲೇ ಯಾವುದಾದರೂ ಬೋರ್ಡಿಗೆ ಹಾಕಿ ಆನ್ ಮಾಡಿ ತೋರಿಸೋಕೆ ಹೇಳಿ.