ದೈವದ ನುಡಿ, ಮನುಷ್ಯನ ನಡೆ

ದೇವರು ನಿರಾಕಾರನೆಂದು ತತ್ತ್ವಜ್ಞರು ಹೇಳುವರು. ಆದರೆ ಹಾವೇರಿ ಸೀಮೆಯ ಒಕ್ಕಲಿಗನು ಬಲ್ಲ ದೇವರಿಗೆ ಮಡದಿಯುಂಟು, ಏರಲು ಕುದುರೆಯುಂಟು, ಬೆನ್ನಿಗೆ ನಾಯಿಯುಂಟು. ಮಣಿ-ಮಲ್ಲರೆಂಬ ದೈತ್ಯರನ್ನು ಕೊಲ್ಲಲು ಶಿವನೇ ಇಳಿದು ಬಂದನೆಂದು ಜನ ನಂಬಿರುವ ಆ ದೇವರೇ ಮೈಲಾರಲಿಂಗ. ಮಹಾರಾಷ್ಟ್ರದಲ್ಲಿ ಆತನೇ ಖಂಡೋಬಾ.

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಕಾಲಕ್ಕೂ, ತುಂಗಭದ್ರೆಯ ದಡದ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿಯೂ ಈ ದೇವರ ಕಾರಣಿಕವಾಗುತ್ತದೆ. ಉಪವಾಸವಿದ್ದ ಗೊರವಯ್ಯ ನೆಟ್ಟನೆ ನಿಲ್ಲಿಸಿದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಜನಸಾಗರ ಮೌನ ತಾಳುತ್ತದೆ. ಆತನ ಬಾಯಿಂದ ಹೊರಡುವುದು ಒಂದೇ ನುಡಿ. ಮರುಕ್ಷಣ ಬಿಲ್ಲಿನಿಂದ ಕೆಳಕ್ಕುರುಳುವ ಆತನನ್ನು ಭಕ್ತರು ಕೈಯೊಡ್ಡಿ ಹಿಡಿಯುತ್ತಾರೆ.

ದೈವದ ಕೆಲಸ ಅಲ್ಲಿಗೆ ಮುಗಿಯಿತು. ಮನುಷ್ಯನ ಕೆಲಸ ಆಗ ಮೊದಲಾಗುತ್ತದೆ. ರೈತನು ಆ ನುಡಿಯಲ್ಲಿ ಮಳೆಬೆಳೆಯನ್ನು ಅರಸುತ್ತಾನೆ. ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಗದ್ದುಗೆಯನ್ನು. ನುಡಿ ಒಂದೇ, ಅರ್ಥ ಕೇಳುವವರಷ್ಟು. ಅಳುಕಿದವನಿಗೆ ಅದು ಕೈಕಟ್ಟಿ ಕೂರಲು ನೆಪ. ಧೈರ್ಯವುಳ್ಳವನಿಗೆ ನೇಗಿಲು ಹಿಡಿಯಲು ಅಪ್ಪಣೆ.

ದೇವರಗುಡ್ಡದಿಂದ ದೂರವಿಲ್ಲದ, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮಹಾದೇವಪ್ಪನವರ ಮನೆತನದ ಹೆಸರೂ ಮೈಲಾರ. ತಂದೆ ಮಾರ್ತಾಂಡಪ್ಪ, ಮಾರ್ತಾಂಡನೆಂಬುದೂ ಆ ದೇವರದೇ ನಾಮಾಂತರ. ಆದರೆ ಈ ತರುಣನ ಬಾಳನ್ನು ನಡೆಸಿದುದು ಬೇರೊಂದು ನಂಬಿಕೆ. ಹದಿನೆಂಟರ ಪ್ರಾಯದಲ್ಲಿ, 1930ರಲ್ಲಿ, ಅವರು ಗಾಂಧೀಜಿಯವರೊಡನೆ ದಂಡಿಗೆ ನಡೆದರು. ‘ದೇವರು ಸತ್ಯ’ ಎನ್ನುತ್ತಿದ್ದ ಗಾಂಧೀಜಿ ಮುಂದೆ ಆ ಮಾತನ್ನೇ ತಿರುವಿ ‘ಸತ್ಯವೇ ದೇವರು’ ಎಂದರು. ಇಂತಹ ದೇವರ ಅಪ್ಪಣೆಗಾಗಿ ಬಿಲ್ಲಿನ ಕೆಳಗೆ ಕಾದು ನಿಲ್ಲಬೇಕಿಲ್ಲ. ಆತನ ಪೂಜೆಯೆಂದರೆ ನಡೆಯುವುದೇ.

1943ರ ಏಪ್ರಿಲ್ 1ರಂದು ಆ ನಡೆ ಹೊಸರಿತ್ತಿಯಲ್ಲಿ ನಿಂತಿತು. ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ಸರ್ಕಾರ ಅಲ್ಲಿಯ ವೀರಭದ್ರನ ಗುಡಿಯಲ್ಲಿ ಕಾವಲಿಟ್ಟು ಇರಿಸಿತ್ತು. ಅದನ್ನು ವಶಪಡಿಸಿಕೊಳ್ಳಲು ಹೋದ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರೂ ಗುಂಡಿಗೆ ಬಲಿಯಾದರು. ದಕ್ಷನ ಅಹಂಕಾರದ ಯಜ್ಞವನ್ನು ಕೆಡಿಸಿದವನೆಂದು ಪುರಾಣ ಹೊಗಳುವ ವೀರಭದ್ರನ ಗುಡಿಯದು! ಅಂದು ಆ ದೇವರು ಯಾರ ಪಕ್ಷದಲ್ಲಿದ್ದನು? ಖಜಾನೆ ಕಾಯುವವರ ಪಕ್ಷದಲ್ಲೋ, ಅನ್ಯಾಯವನ್ನು ಎದುರಿಸಿದವರ ಪಕ್ಷದಲ್ಲೋ?

ಗುಡಿಯ ಕಲ್ಲು ಉತ್ತರ ಕೊಡದು. ಹಾವೇರಿಯ ರೈಲು ನಿಲ್ದಾಣ ಮಾತ್ರ ಇಂದು ಮೈಲಾರ ಮಹಾದೇವಪ್ಪನವರ ಹೆಸರನ್ನು ಹೊತ್ತು ನಿಂತಿದೆ. ದೇವರ ಸ್ವರೂಪವೇನೆಂಬ ವಾದ ಎಂದಿಗೂ ಮುಗಿಯದಿರಬಹುದು. ಆದರೆ ಮನುಷ್ಯ ಎಂತಹ ದೇವರನ್ನು ನಂಬಿದ್ದನೆಂಬುದನ್ನು ಅವನ ನಡೆಯೇ ಸಾರಿ ಹೇಳುತ್ತದೆ.