ಸ್ವರ ಫೈಲಿನದು, ದನಿ ಯಂತ್ರದ್ದು

ಶ್ರಾವಣದ ಭಜನೆಗೆ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ಹೋಗುವ ಮಾಸ್ತರರು ಬರಿಗೈಲೇ ಹೊರಡುವುದುಂಟು. ಆಯಾ ಊರಿನ ಗುಡಿಯಲ್ಲಿ ಯಾವ ಹಾರ್ಮೋನಿಯಂ ಪೇಟಿ ಇದೆಯೋ ಅದನ್ನೇ ನುಡಿಸುತ್ತಾರೆ. ಹಾಡು ಅದೇ, ದನಿ ಮಾತ್ರ ಊರಿಗೊಂದು. ಹಳೆಯ ಕಂಪ್ಯೂಟರ್ ಆಟಗಳ ಸಂಗೀತ ನನಗೆ ಅರ್ಥವಾದದ್ದು ಈ ಪೇಟಿಯಿಂದ.

ಕೊಪ್ಪಳದ ಕಂಪ್ಯೂಟರ್ ಕ್ಲಾಸಿನಲ್ಲಿ ನಾವು ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ ಕೀರಲು ದನಿಯಲ್ಲಿ ಹಾಡುತ್ತಿತ್ತು. ಒಳಗಿದ್ದ ಪುಟ್ಟ ಸ್ಪೀಕರಿಗೆ ಒಮ್ಮೆಗೆ ಒಂದೇ ಸ್ವರ. ಗಂಗಾವತಿಯ ಗೆಳೆಯನ ಮನೆಯಲ್ಲಿ ಸೌಂಡ್ ಕಾರ್ಡಿತ್ತು. ಅಲ್ಲಿ ಅದೇ ಆಟಕ್ಕೆ ಮೇಳವೇ ಕೂಡಿಬಂದಿತ್ತು. ಆ ಸಂಗೀತ ಆಟ ಬರೆದ ಜೋರ್ಡನ್ ಮೆಕ್ನರ್ ಅವರ ತಂದೆ ಫ್ರಾನ್ಸಿಸ್ ಅವರದು.

ಒಂದೇ ಆಟಕ್ಕೆ ಎರಡು ದನಿ ಯಾಕೆ? ಸಿಡಿ ಗುಣಮಟ್ಟದ ಒಂದು ನಿಮಿಷದ ಧ್ವನಿಗೆ ಸುಮಾರು 10 ಎಂಬಿ ಬೇಕು. ಫ್ಲಾಪಿಯಲ್ಲಿ ಇದ್ದದ್ದು 1.44 ಎಂಬಿ. ಹಾಗಾಗಿ ಆಟ ಮಾಡುವವರು ಧ್ವನಿಯ ಬದಲು ಸೂಚನೆ ಬರೆದಿಟ್ಟರು. ಸಂಗೀತದ ಕೀಬೋರ್ಡುಗಳನ್ನು ಒಂದಕ್ಕೊಂದು ಜೋಡಿಸಲು 1983ರಲ್ಲಿ ಬಂದ ‘ಮಿಡಿ’ ಪದ್ಧತಿಗೆ ಗೊತ್ತಿದ್ದದ್ದು ಮುಖ್ಯವಾಗಿ ಇಷ್ಟೇ: ಯಾವ ಮನೆ ಒತ್ತಬೇಕು, ಎಷ್ಟು ಜೋರಾಗಿ, ಯಾವಾಗ ಬಿಡಬೇಕು. ನುಡಿಸುವ ಕೆಲಸ ಕಾರ್ಡಿನದು. 1987ರ ಆಡ್‌ಲಿಬ್ ಕಾರ್ಡಿನ ಯಮಹಾ ಚಿಪ್ಪು ಒಮ್ಮೆಗೆ 9 ದನಿ ಹೊರಡಿಸುತ್ತಿತ್ತು. 1993ರ ‘ಡೂಮ್’ ಆಟ ಮಿಡಿಯನ್ನೇ ಇನ್ನಷ್ಟು ಹಿಂಡಿ ‘ಮಸ್’ ಎಂಬ ಫೈಲು ಮಾಡಿಕೊಂಡಿತು. ಅದರ ಮೊದಲ ಹಂತದ ಅಬ್ಬರದ ಹಾಡು 20 ಕೆಬಿಯನ್ನೂ ಮುಟ್ಟುವುದಿಲ್ಲ.

ಕಾರ್ಡು ಬದಲಾದರೆ ಪಿಟೀಲು ಹೋಗಿ ಕೊಳಲಾಗಬಾರದಲ್ಲ? ಅದಕ್ಕೇ 1991ರಲ್ಲಿ ‘ಜನರಲ್ ಮಿಡಿ’ 128 ವಾದ್ಯಗಳಿಗೆ ನಂಬರು ಕೊಟ್ಟಿತು. 105 ಸಿತಾರ್, 112 ಶಹನಾಯಿ. ತಬಲಾ ಇಲ್ಲ. ನಮ್ಮ ಪೇಟಿಗೆ ಹತ್ತಿರದ್ದೆಂದರೆ 21, ರೀಡ್ ಆರ್ಗನ್. ಈ ಪಟ್ಟಿ ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಭಜನೆಯೊಂದನ್ನು ಅದರಲ್ಲಿ ಸರಿಯಾಗಿ ಕೂರಿಸಲಾಗದು.

ಇನ್ನೊಂದು ದಾರಿ ತೆರೆದವರು ಕಾರ್ಸ್ಟನ್ ಒಬಾರ್ಸ್ಕಿ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಅವರು ಬರೆದ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ನಿಂದ ‘ಮಾಡ್’ ಫೈಲು ಹುಟ್ಟಿತು. ನಿಜವಾದ ವಾದ್ಯದ ಚೂರು ಧ್ವನಿಗಳೂ ಅವನ್ನು ನುಡಿಸುವ ಕ್ರಮವೂ ಒಂದೇ ಗಂಟಿನಲ್ಲಿ: ಮಾಸ್ತರರು ಪೇಟಿಯನ್ನೂ ಹೊತ್ತು ನಡೆದಂತೆ. ತಬಲಾ ಬೇಕೆಂದವರು ತಬಲಾದ ಒಂದು ಪೆಟ್ಟನ್ನೇ ಹಾಕಿಕೊಳ್ಳಬಹುದಿತ್ತು. 1998ರ ‘ಅನ್ರಿಯಲ್’ ಆಟ ಕೂಡ ಈ ವಂಶದ ಫೈಲುಗಳನ್ನೇ ನೆಚ್ಚಿತ್ತು. ಅಷ್ಟರಲ್ಲಿ ಸಿಡಿ ಬಂದಿತ್ತು. 1996ರ ‘ಕ್ವೇಕ್’ ಆಟ ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡುಗಳನ್ನೇ ಸಿಡಿಯಿಂದ ನೇರವಾಗಿ ನುಡಿಸಿತು.

ಇಂದಿನ ಲ್ಯಾಪ್‌ಟಾಪಿನಲ್ಲೂ ಹಳೆಯ ಆಟಗಳನ್ನು ನಡೆಸುವ ‘ಡಾಸ್‌ಬಾಕ್ಸ್’ ತಂತ್ರಾಂಶ ಹಾಕಿ ಪ್ರಿನ್ಸ್ ಆಡಬಹುದು. ಹಳೆಯ ಸ್ಪೀಕರೋ ಸೌಂಡ್ ಕಾರ್ಡೋ ಆರಿಸಿಕೊಳ್ಳಬಹುದು. ನಾನು ಮೊದಲು ಕೊಪ್ಪಳದ ಕೀರಲು ದನಿ ಕೇಳುತ್ತೇನೆ, ಆಮೇಲೆ ಗಂಗಾವತಿಯ ಮೇಳ.